ಜನ್ಮಸ್ಥಳ ಪರೇಲ್

ಕಳೆದುಹೋಗಿದೆ ಎಂದು ಹತ್ತು ದಿನದ ಹಿಂದೆ ಫೋನಿನಲ್ಲಿ ಹೇಳಿದ್ದ ಕಾಗದ ಈಗ ಸೀನನ ಅಂಗಿಯ ಜೇಬಿನಲ್ಲೇ ಇತ್ತು. ಬಗ್ಗಿದರೆ ಸದ್ದು ಮಾಡುತ್ತಿತ್ತು. ಹಾಗಾಗಿ ಬೆಳಗಿನಿಂದ ಅವನು ಬಗ್ಗಿರಲಿಲ್ಲ. ಪರೇಲ್‌ನ ಕಾಂತಪ್ಪನ ಹೋಟೆಲಿನ ಗಲ್ಲಾದ ಹಿಂದೆ, ಎತ್ತರದ ಸ್ಟೂಲಿನ ಮೇಲೆ, ಫೋಟೋ ತೆಗೆಸಿಕೊಳ್ಳುವವನ ಹಾಗೆ ನೆಟ್ಟಗೆ ಕೂತಿದ್ದ. ಕೆಳಗೆ ಬಿದ್ದ ಪೆನ್ನನ್ನು ಕೂಡ ಚಪ್ಪಲಿಯಿಂದ ಹತ್ತಿರಕ್ಕೆ ಎಳೆದುಕೊಂಡು ಅಲ್ಲಿಗೇ ಬಿಟ್ಟಿದ್ದ. ಅರವತ್ತಮೂರು ವರ್ಷದ ಮನುಷ್ಯ ಒಂದು ಕಾಗದಕ್ಕೆ ಹೆದರಿ ಬೆನ್ನು ಬಗ್ಗಿಸುತ್ತಿಲ್ಲ ಎಂದರೆ ಯಾರಾದರೂ ನಕ್ಕಾರು. ಕಾಗದವಾದರೂ ಎಂಥದು? ತಂಗಿ ವಿನೋದಿನಿ ಮುನಿಸಿಪಾಲಿಟಿಯ ಕನ್ನಡ ಶಾಲೆ ಬಿಟ್ಟಾಗ ಕೊಟ್ಟ ಲೀವಿಂಗ್ ಸರ್ಟಿಫಿಕೇಟ್. ಶಾಲೆ ಮುಚ್ಚಿ ಎಷ್ಟೋ ವರ್ಷವಾಯಿತು, ಅದರ ರಿಜಿಸ್ಟರು ಎಲ್ಲಿ ಹೋಯಿತೋ ಕೇಳುವವರಿಲ್ಲ. ಹೆಡ್‌ಮಾಸ್ತರರ ದುಂಡು ಅಕ್ಷರದಲ್ಲಿ ಜನ್ಮಸ್ಥಳ ಎಂಬುದರ ಮುಂದೆ ಪರೇಲ್, ಮುಂಬಯಿ ಎಂದು ಬರೆದಿತ್ತು. ಅದರ ಬೆನ್ನಿಗೆ ಗುಂಡುಸೂಜಿಯಿಂದ ಚುಚ್ಚಿದ ಇನ್ನೊಂದು ಸರ್ಟಿಫಿಕೇಟು ಸೀನನದೇ. ತಾಯಿ ಯಾವ ಕಾಲದಲ್ಲೋ ಅಣ್ಣ ತಂಗಿಯರ ಕಾಗದಗಳನ್ನು ಸೇರಿಸಿ ಚುಚ್ಚಿ ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಬೆಳಿಗ್ಗೆ ಸೂಜಿ ತೆಗೆಯಲು ಹೋದರೆ ತುಕ್ಕು ಹಿಡಿದು ಕಾಗದಕ್ಕೇ ಅಂಟಿಕೊಂಡಿತ್ತು. ಹರಿದೀತೆಂದು ಎರಡನ್ನೂ ಹಾಗೆಯೇ ಮಡಚಿ ಜೇಬಿಗೆ ಹಾಕಿಕೊಂಡು ಬಂದಿದ್ದ. ಕೊಡಲಿಕ್ಕೆಂದು ತಂದನೋ, ಬರಿದೇ ತಂದನೋ, ಅವನಿಗೇ ಸ್ಪಷ್ಟವಿರಲಿಲ್ಲ.

ಫೋನ್ ಮಾಡಿದ್ದವನು ವಿನೋದಿನಿಯ ಮಗ. ಹೆಸರು ಧನರಾಜ್ ಮೆನ್ಸಾ. ಪೇಪರಿನವರು ಡ್ಯಾನ್ ಎನ್ನುತ್ತಾರೆ. ಹುಟ್ಟಿದ್ದು, ಬೆಳೆದದ್ದು ಇಂಗ್ಲೆಂಡಿನಲ್ಲಿ. ಅಪ್ಪ ಘಾನಾ ದೇಶದವನು. ಒಂದೂವರೆ ವರ್ಷದಿಂದ ಇಲ್ಲಿನ ಫುಟ್ಬಾಲ್ ಕ್ಲಬ್ಬಿಗೆ ಆಡುತ್ತಿದ್ದಾನೆ, ಅಲ್ಲಿನ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಇಲ್ಲಿನ ಪ್ರಜೆಯಾಗಿದ್ದಾನೆ. ಇಷ್ಟೆಲ್ಲ ಪೇಪರಿನಲ್ಲಿ ಬಂದದ್ದು. ಆದರೆ ದೇಶದ ತಂಡಕ್ಕೆ ಆಡಬೇಕಾದರೆ ತಾಯಿ ಈ ನೆಲದಲ್ಲೇ ಹುಟ್ಟಿದವಳು ಎನ್ನುವುದಕ್ಕೆ ಮೂಲ ಕಾಗದ ಬೇಕಂತೆ. ವಿನೋದಿನಿ ಚಾಳಿನ ಕೋಣೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವಳು, ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಅವಳ ಹೆಸರಿಲ್ಲ. "ತಮ್ಮಲೆ" ಎಂದಿದ್ದ ಹುಡುಗ ಫೋನಿನಲ್ಲಿ, ಮೊದಲ ಮಾತೇ ಅದು. ತುಳುವಿನಲ್ಲಿ ಸೋದರಮಾವನನ್ನು ಕರೆಯುವ ಮಾತು. ಸೀನನನ್ನು ಹಾಗೆ ಕರೆಯಬಹುದಾದವನು ಪ್ರಪಂಚದಲ್ಲಿ ಒಬ್ಬನೇ, ಅವನು ಇಪ್ಪತ್ತೇಳು ವರ್ಷ ಕರೆದಿರಲಿಲ್ಲ. "ತಮ್ಮಲೆ, ಅಮ್ಮನ ಸ್ಕೂಲ್ ಪೇಪರ್ ನಿಮ್ಮ ಹತ್ತಿರ ಉಂಟಾ? ಇಪ್ಪತ್ತು ತಾರೀಖು ಲಾಸ್ಟ್." ಸೀನ ಯೋಚಿಸಲಿಲ್ಲ. "ಅದು ಕಳೆದುಹೋಗಿದೆ," ಎಂದುಬಿಟ್ಟ. ಹುಡುಗ, "ಓಕೆ, ತಮ್ಮಲೆ. ಗೋರೆಗಾಂವ್‌ನಲ್ಲಿ ಪ್ರ್ಯಾಕ್ಟೀಸ್ ಉಂಟು, ದಿನಾ ನಾಲ್ಕು ಗಂಟೆಗೆ. ಸಿಕ್ಕಿದ್ರೆ..." ಎಂದ. ಇವತ್ತು ಹತ್ತೊಂಬತ್ತು.

ಯಾಕೆ ಹಾಗೆ ಹೇಳಿದೆ ಎಂದು ಹತ್ತು ದಿನ ತನ್ನನ್ನೇ ಕೇಳಿಕೊಂಡದ್ದಾಯಿತು. ತಂಗಿಯ ಮೇಲಿನ ಸಿಟ್ಟೋ? ಅವಳು ಸತ್ತು ನಾಲ್ಕು ವರ್ಷವಾಯಿತು, ಇನ್ನೆಂಥ ಸಿಟ್ಟು. ಉತ್ತರ ಅವನ ತಲೆಯ ಮೇಲೇ ಮೊಳೆಗೆ ನೇತಾಡುತ್ತಿತ್ತು. ಗಲ್ಲಾದ ಮೇಲಿನ ಗೋಡೆಯಲ್ಲಿ ಗಣಪತಿಯ ಪಕ್ಕ ಕಾಂತಪ್ಪನ ಅಪ್ಪ ಹಾಕಿಸಿದ ಫೋಟೋ: ಇಪ್ಪತ್ತಮೂರರ ಸೀನ, ನೀಲಿ ಜರ್ಸಿ, ಸೊಂಟದ ಮೇಲೆ ಕೈ. ಕೆಳಗೆ ಬರಹ ಏನೂ ಇಲ್ಲ, ಬೇಕಾಗಿಯೂ ಇರಲಿಲ್ಲ. ಹೊಸ ಗಿರಾಕಿ ಬಂದರೆ ಕಾಂತಪ್ಪ ಬೆರಳು ತೋರಿಸಿ, "ನಮ್ಮ ಸೀನಣ್ಣ, ಇಂಡಿಯಾ ಪ್ಲೇಯರ್" ಎನ್ನುತ್ತಾನೆ. ಸೀನ ಒಂದು ದಿನವೂ ಹಾಗೆಂದು ತನ್ನ ಬಾಯಿಂದ ಹೇಳಿದವನಲ್ಲ. ಅಲ್ಲ ಎಂದೂ ಹೇಳಿದವನಲ್ಲ. ಅದು ಕಲ್ಕತ್ತದ ಕ್ಯಾಂಪಿನಲ್ಲಿ ಇಪ್ಪತ್ತೆಂಟು ಜನಕ್ಕೂ ಕೊಟ್ಟ ಪ್ರ್ಯಾಕ್ಟೀಸ್ ಜರ್ಸಿ. ಕೊನೆಗೆ ಆರಿಸಿದ್ದು ಹದಿನಾರು ಜನರನ್ನು, ಉಳಿದ ಹನ್ನೆರಡು ಮಂದಿ ಜರ್ಸಿ ಮಡಚಿ ಟೇಬಲಿನ ಮೇಲಿಟ್ಟು ಟ್ರೇನ್ ಹತ್ತಿದರು. ಫೋಟೋ ಮಾತ್ರ ಉಳಿಯಿತು. ನಲವತ್ತು ವರ್ಷ ಅದರ ಕೆಳಗೆ ಕೂತು ತಿಂದದ್ದಾಗಿದೆ. ಈಗ ನಿಜವಾಗಿ ಆಡುವವನೊಬ್ಬ ಬಂದರೆ, ಅದೂ ತನ್ನದೇ ತಂಗಿಯ ಮಗ ಬಂದರೆ, ಆ ಫೋಟೋ ಬರೀ ಒಬ್ಬ ಹುಡುಗನ ಫೋಟೋ ಆಗಿಬಿಡುತ್ತದೆ. ಅಷ್ಟಕ್ಕೇ ಹೊಟ್ಟೆಕಿಚ್ಚು ಪಟ್ಟೆನೇ, ಥೂ, ಎಂದು ಅವನಿಗೆ ಅನ್ನಿಸುತ್ತಿತ್ತು. ಅನ್ನಿಸಿದ ಮೇಲೂ ಫೋನ್ ತೆಗೆದು, ಸಿಕ್ಕಿತು ಮಗ, ಎಂದು ಹೇಳಲು ಆಗಿರಲಿಲ್ಲ.

ಊಟದ ಗಲಾಟೆ ಮುಗಿದು ಎರಡೂವರೆಗೆ ಹೋಟೆಲು ತಣ್ಣಗಾಯಿತು. ಸಂಜೆಯ ತಿಂಡಿ ಶುರುವಾಗುವ ತನಕ ಇರುವ ಬಿಡುವು ಇದು. ಸೀನ ಫುಟ್ಬಾಲ್ ಕಲಿತದ್ದು ಇದೇ ಬಿಡುವಿನಲ್ಲಿ. ಹೋಟೆಲಿನ ಹುಡುಗರೆಲ್ಲ ಊಟದ ಪಾತ್ರೆ ತೊಳೆದಿಟ್ಟು ಮೈದಾನಕ್ಕೆ ಓಡುತ್ತಿದ್ದರು, ಒಂದೂವರೆ ಗಂಟೆ ಆಡಿ ಬೆವರಿನಲ್ಲೇ ಬಂದು ಬಜ್ಜಿಯ ಹಿಟ್ಟು ಕಲಸುತ್ತಿದ್ದರು, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ಆಗಿನ ಗೋಲ್‌ಕೀಪರ್ ದೂಜ ಇವತ್ತಿಗೂ ಇಲ್ಲಿನ ಅಡಿಗೆಯವನು. ಎಪ್ಪತ್ತಾದರೂ ಅಂಗೈ ಮೊರದಷ್ಟು ಅಗಲ. ಈಗ ಅವನು ಒಳಗಿನಿಂದ ಟವೆಲಿನಲ್ಲಿ ಕೈ ಒರೆಸುತ್ತಾ ಬಂದು ಮೇಜಿಗೆ ಕೂತ. ಕಾಂತಪ್ಪ ಪೇಪರನ್ನು ಹರಡಿಕೊಂಡಿದ್ದ. ಅದರಲ್ಲಿ ಧನರಾಜನ ಫೋಟೋ. ದೇಶದ ತಂಡ ಮತ್ತೆ ಸೋತಿತ್ತು. ಭೂಪಟದಲ್ಲಿ ಹುಡುಕಬೇಕಾದಂಥ ದೇಶದ ಕೈಯಲ್ಲಿ, ಒಂದು ಗೋಲೂ ಹೊಡೆಯದೆ.

"ಸೀನಣ್ಣ, ನೀವು ಹೇಳಿ," ಎಂದ ಕಾಂತಪ್ಪ. "ಹೊರಗೆ ಹುಟ್ಟಿದ ಸ್ಟ್ರೈಕರ್ ಒಬ್ಬ ಬಂದ್ರೆ ನಮ್ಮ ಟೀಮು ಉದ್ಧಾರ ಆಗ್ತದಾ?"

"ಒಬ್ಬನಿಂದ ಎಂತ ಆಗ್ತದೆ," ಎಂದ ಸೀನ. ಈ ಮಾತನ್ನು ಅವನು ವಾರದಿಂದ ಹತ್ತು ಜನಕ್ಕೆ ಹೇಳಿದ್ದ. "ಮುಂದೆ ನಿಂತವನಿಗೆ ಚೆಂಡು ತಲುಪಿಸುವವರು ಬೇಡವಾ? ಕ್ಲಬ್ಬಿನವರೆಲ್ಲ ಮುಂದೆ ನಿಲ್ಲಿಸುವುದೇ ಫಾರಿನ್‌ನವರನ್ನು. ನಮ್ಮ ಹುಡುಗ್ರು ಹಿಂದೆ ನಿಂತು ಹಿಂದೆಯೇ ಮುದುಕರಾಗ್ತಾರೆ. ಈಗ ದೇಶದ ಟೀಮಿಗೂ ಹೊರಗಿನಿಂದ ತಂದ್ರೆ ಮುಗೀತು."

"ಆದ್ರೆ ಅವನ ತಾಯಿ ನಮ್ಮ ಕಡೆಯವಳಂತೆ. ತುಳುವವಳು ಅಂತ ಬರೆದಿದ್ದಾರೆ."

"ತಾಯಿ ಯಾರಾದ್ರೆ ಎಂತ? ಅಪ್ಪ ಪರದೇಶದವ. ಅಪ್ಪ ಹೊರಗಿನವನಾದ ಮೇಲೆ ಮಗ ನಮ್ಮವ ಹೇಗಾಗ್ತಾನೆ?"

ದೂಜ ಟವೆಲನ್ನು ಮೇಜಿನ ಮೇಲಿಟ್ಟ. ಕಾಂತಪ್ಪನಿಗೆ ವಿನೋದಿನಿ ಗೊತ್ತಿರಲಿಲ್ಲ. ಅವನು ಅಪ್ಪನಿಂದ ಹೋಟೆಲು ವಹಿಸಿಕೊಂಡದ್ದು ಈಚೆಗೆ. ದೂಜನಿಗೆ ಗೊತ್ತಿತ್ತು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪರೇಲ್ ಪಕ್ಕದ ಲಾಲ್‌ಬಾಗಿನ ಗಣಪತಿ ತೋರಿಸಿದವನು ಅವನೇ.

"ಸೀನ," ಎಂದ ದೂಜ, ದನಿ ಎತ್ತದೆ. "ನಿನ್ನ ಬರಿ ಯಾವುದು?"

ಬರಿ ಎಂದರೆ ಮನೆತನದ ಬಳ್ಳಿ, ಇತರರಲ್ಲಿ ಗೋತ್ರ ಇದ್ದ ಹಾಗೆ. ಅವರಲ್ಲಿ ಅದು ಬರುವುದು ತಾಯಿಯಿಂದ. ಸೀನ ಗಲ್ಲಾದ ಚಿಲ್ಲರೆ ಎಣಿಸತೊಡಗಿದ.

"ಆಯ್ತು, ನಿನ್ನ ಅಪ್ಪನ ಬರಿ ಯಾವುದು ಹೇಳು ನೋಡುವ. ನೆನಪಿಲ್ಲ ಅಲ್ವಾ? ನನ್ನ ಅಪ್ಪನದೂ ನನಗೆ ನೆನಪಿಲ್ಲ. ಅಪ್ಪನ ಲೆಕ್ಕ ನಮ್ಮಲ್ಲಿ ಯಾವಾಗಿನಿಂದ ಶುರು ಆದದ್ದು ಮಾರಾಯ? ತಂಗಿಯ ಮಗ ಮಾವನ ಮನೆಯವ. ನಿನಗೆ ಮದುವೆ ಆಗಿ ಹತ್ತು ಮಕ್ಕಳಿದ್ರೂ ಅವರು ಬೇರೆ ಬರಿ. ನಿನ್ನ ಬರಿಯಲ್ಲಿ ಉಳಿದ ಗಂಡು ಅವನೊಬ್ಬ. ಆ ಪೇಪರಿನಲ್ಲಿರುವವ."

ಕಾಂತಪ್ಪ ಪೇಪರನ್ನೂ ಸೀನನ ಮುಖವನ್ನೂ ನೋಡಿದ. ಅರ್ಥವಾಗಿರಬೇಕು, ಒಂದು ಸಲ ಗೋಡೆಯ ಫೋಟೋ ಕಡೆಗೂ ನೋಡಿದ. ಸೀನ ಸ್ಟೂಲಿನಿಂದ ಇಳಿದ. ಕ್ಷೌರಕ್ಕೆ ಹೋಗಿ ಬರುತ್ತೇನೆ ಎಂದ. ಮೊನ್ನೆಯಷ್ಟೇ ಮಾಡಿಸಿಕೊಂಡ ತಲೆ. ಮೆಟ್ಟಿಲಿಳಿಯುವಾಗ ಬಗ್ಗಬೇಕಾಯಿತು, ಜೇಬಿನಲ್ಲಿ ಕಾಗದ ಸದ್ದು ಮಾಡಿತು.

ಲೋಕಲ್ ಟ್ರೇನ್ ಖಾಲಿಯಾಗಿತ್ತು, ಕಿಟಕಿಯ ಜಾಗವೇ ಸಿಕ್ಕಿತು. ದಾದರ್ ದಾಟುವಾಗ ಜೇಬಿನಿಂದ ಕಾಗದ ತೆಗೆದು ಹಿಂದಿನ ಹಾಳೆಯನ್ನು, ತನ್ನದನ್ನು, ನೋಡಿದ. ಜನ್ಮಸ್ಥಳ ಕಾಪು ಹತ್ತಿರದ ಹಳ್ಳಿ. ಚೊಚ್ಚಲ ಹೆರಿಗೆಗೆ ತಾಯಿ ತವರಿಗೆ ಹೋಗಿದ್ದಳು, ಎರಡನೆಯದಕ್ಕೆ ಹೋಗಲು ಆಗಲಿಲ್ಲ. ಹಾಗಾಗಿ ಒಂದೇ ಕೋಣೆಯಲ್ಲಿ ಬೆಳೆದ ಇಬ್ಬರಲ್ಲಿ ಮುಂಬಯಿಯವಳು ವಿನೋದಿನಿ ಮಾತ್ರ, ತಾನು ಹೊರಗೆ ಹುಟ್ಟಿದವನು. ವಿಕ್ರೋಳಿಯ ಕಾರ್ಖಾನೆಯ ತಂಡಕ್ಕೆ ಸೇರಿದ ಮೊದಲ ದಿನ ಕ್ಯಾಪ್ಟನ್ ಹೆಸರು ಕೇಳದೆ 'ಏ ಮದ್ರಾಸಿ, ಮುಂದೆ ನಿಲ್ಲು' ಎಂದದ್ದು, ಐದು ವರ್ಷ ಗೋಲು ಹೊಡೆದರೂ ಅದೇ ಹೆಸರು ಉಳಿದದ್ದು ನೆನಪಾಯಿತು. ಕ್ಯಾಂಪಿನಲ್ಲಿ ಬೆಂಗಳೂರಿನ ಹುಡುಗರ ಬಳಿ ಕನ್ನಡದಲ್ಲಿ ಮಾತಾಡಲು ಹೋದಾಗ ಅವರು, ನೀವು ಮಹಾರಾಷ್ಟ್ರದವರಲ್ವಾ, ಎಂದು ತಮ್ಮ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದದ್ದೂ. ಆಗ ಅಲ್ಲಿ ಒಬ್ಬನೇ ಕೂತು ಅನ್ನ ಕಲಸಿದ್ದ. ಮರುದಿನದ ಪಂದ್ಯದಲ್ಲಿ ಗೋಲ್‌ಕೀಪರ್ ಬಿದ್ದಿದ್ದ, ಎದುರಿಗೆ ಯಾರೂ ಇಲ್ಲ, ಖಾಲಿ ಗೋಲು, ಆರು ಹೆಜ್ಜೆ ದೂರ. ಚೆಂಡು ಕಂಬದ ಹೊರಗೆ ಹೋಯಿತು. ಯಾರೂ ಬೈಯಲಿಲ್ಲ. ಕೋಚು ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡ, ಅಷ್ಟೆ. ಈಗಲೂ ಯಾವತ್ತಾದರೂ ಸ್ನಾನ ಮಾಡುವಾಗ ಸೀನನ ಬಲಗಾಲು ತಾನೇ ಒಂದಿಷ್ಟು ಒಳಗೆ ತಿರುಗುತ್ತದೆ, ಹೀಗೆ ಹೊಡೆಯಬೇಕಿತ್ತು ಎನ್ನುವ ಹಾಗೆ.

ಕ್ಯಾಂಪಿನಿಂದ ಮರಳಿದ ದಿನ ವಿ.ಟಿ. ಸ್ಟೇಷನ್ನಿಗೆ ವಿನೋದಿನಿ ಬಂದಿದ್ದಳು, ನರ್ಸಿಂಗ್ ಕಲಿಯುವವರ ಬಿಳಿ ಬಟ್ಟೆಯಲ್ಲಿ, ಡ್ಯೂಟಿಯಿಂದ ನೇರವಾಗಿ. "ತಗೊಂಡ್ರಾ ಅಣ್ಣ?" ಎಂದಳು. "ಮುಂದಿನ ಸಲ," ಎಂದ. ಅವಳು ಅವನ ಚೀಲ ಕಸಿದುಕೊಂಡು ಮುಂದೆ ನಡೆದಳು. ಚಾಳಿನ ಗೇಟಿನಲ್ಲಿ ಹೆಂಗಸರು ಕಾಯುತ್ತಿದ್ದರು. ಅವರಿಗೆಲ್ಲ, ನಮ್ಮ ಅಣ್ಣ ಇಂಡಿಯಾಕ್ಕೆ ಆಡಿ ಬಂದ, ಎಂದು ಹೇಳಿದವಳು ಅವಳೇ. ಅವನು ಬೇಡ ಎನ್ನುವ ಮೊದಲೇ ಹೇಳಿಬಿಟ್ಟಿದ್ದಳು, ತಲೆ ತಗ್ಗಿಸಿ ಗೇಟು ದಾಟಬಾರದೆಂದು. ಅಂಥವಳು ಹನ್ನೊಂದು ವರ್ಷದ ಮೇಲೆ, ನರ್ಸ್ ಕೆಲಸಕ್ಕೆಂದು ಹೋಗಿದ್ದ ಇಂಗ್ಲೆಂಡಿನಿಂದ ಫೋನ್ ಮಾಡಿದಳು. ಆಗ ಚಾಳಿನವರಿಗೆಲ್ಲ ಹೋಟೆಲಿನ ಫೋನೇ ಫೋನು. ಮದುವೆಯಾದೆ ಅಣ್ಣ, ಒಳ್ಳೆಯ ಮನುಷ್ಯ, ಆಸ್ಪತ್ರೆಯಲ್ಲೇ ಕೆಲಸ, ಎಂದಳು. ಯಾವ ದೇಶದವನು ಎಂದು ಕೇಳಿ ತಿಳಿದ ಸೀನ, ಊಟಕ್ಕೆ ಕೂತ ಅಷ್ಟೂ ಗಿರಾಕಿಗಳಿಗೆ ಕೇಳುವ ಹಾಗೆ, ಅವಳ ಗಂಡನ ಬಣ್ಣದ ಬಗ್ಗೆ ಒಂದು ಮಾತು ಆಡಿದ. ಆಮೇಲೆ, "ನಮ್ಮ ಮನೆಯವಳಲ್ಲ ನೀನು ಇನ್ನು," ಎಂದು ಫೋನ್ ಇಟ್ಟ. ಅವಳ ಕಾಗದಗಳು ಬಂದವು, ಅವನು ಉತ್ತರ ಬರೆಯಲಿಲ್ಲ. ಮಗ ಹುಟ್ಟಿದ ಫೋಟೋ ಬಂತು, ಟ್ರಂಕಿಗೆ ಹೋಯಿತು. ನಾಲ್ಕು ವರ್ಷದ ಹಿಂದೆ ಯಾರದೋ ಮೂಲಕ ಸಾವಿನ ಸುದ್ದಿ ಬಂದ ದಿನ ಅವನು ರಜೆ ಕೂಡ ಹಾಕಲಿಲ್ಲ, ಸಂಜೆಯ ತನಕ ಗಲ್ಲಾದಲ್ಲೇ ಕೂತಿದ್ದ. ರಜೆ ಹಾಕಿದರೆ ಕಾರಣ ಹೇಳಬೇಕಾಗುತ್ತಿತ್ತು.

ಗೋರೆಗಾಂವ್‌ನ ಮೈದಾನದ ಗೇಟು ತೆರೆದೇ ಇತ್ತು. ವಾಚ್‌ಮನ್ ಯಾರು ಎಂದು ಕೇಳಲಿಲ್ಲ. ಮುದುಕರನ್ನು ಈ ಊರಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಸೀನ ಸಿಮೆಂಟಿನ ಮೆಟ್ಟಿಲಿನ ಮೇಲೆ ಕೂತ. ಎರಡು ಪಂಗಡವಾಗಿ ಆಡುತ್ತಿದ್ದರು. ಧನರಾಜನನ್ನು ಗುರುತಿಸಲು ಬಣ್ಣ ನೋಡಬೇಕಾಗಲಿಲ್ಲ. ಅವನು ಓಡುವಾಗ ಎಡಗೈ ಮೈಗೆ ಅಂಟಿಕೊಂಡಿರುತ್ತಿತ್ತು, ಹೆಬ್ಬೆರಳು ಮುಷ್ಟಿಯ ಒಳಗೆ. ವಿನೋದಿನಿ ಹಾಗೆಯೇ ಓಡುತ್ತಿದ್ದಳು, ಶಾಲೆಗೆ ತಡವಾದಾಗ, ಚೀಲವನ್ನು ಬಲಗೈಯಲ್ಲಿ ಹಿಡಿದು. ಎಷ್ಟು ಗದರಿದರೂ ಆ ಹೆಬ್ಬೆರಳು ಹೊರಗೆ ಬಂದದ್ದಿಲ್ಲ. ಸೀನ ನೀರು ಮಾರುವವನು ಎಲ್ಲಿದ್ದಾನೆ ಎಂದು ಸುತ್ತ ನೋಡಿದ.

ಆಮೇಲೆ ಅವನೊಳಗಿನ ಹಳೆಯ ಸೆಂಟರ್ ಫಾರ್ವರ್ಡ್ ನೋಡತೊಡಗಿದ. ಅದು ಸಂಬಂಧವನ್ನೂ ಹೊಟ್ಟೆಕಿಚ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಕಣ್ಣು. ಹುಡುಗ ತನ್ನನ್ನು ಕಾಯುವ ಎದುರಾಳಿಯ ಕಣ್ಣು ಬೀಳದ ಹೆಗಲ ಹಿಂದೆ ನಿಲ್ಲುತ್ತಿದ್ದ, ಎರಡು ಹೆಜ್ಜೆ ಹಿಂದೆ ಸರಿದ ಹಾಗೆ ಮಾಡಿ ಒಮ್ಮೆಲೇ ನಡುವಿನ ಸಂದಿಗೆ ನುಗ್ಗುತ್ತಿದ್ದ. ಇದನ್ನು ಕಲಿಸಲಿಕ್ಕಾಗುವುದಿಲ್ಲ. ಸೀನ ತಾನು ಹೀಗೆ ನುಗ್ಗುತ್ತಿದ್ದೆ ಎಂದು ಹೇಳಿಕೊಳ್ಳಬಹುದಿತ್ತು, ಹೇಳಿಕೊಳ್ಳಲಿಲ್ಲ. ಇವನು ತನಗಿಂತ ಚೆನ್ನಾಗಿದ್ದ. ಆದರೆ ಚೆಂಡು ಬರುತ್ತಿರಲಿಲ್ಲ. ಒಂದು ಸಲ ನುಗ್ಗಿದ, ನಡುವಿನ ಆಟಗಾರ ಅಡ್ಡಕ್ಕೆ ಕೊಟ್ಟ. ಇನ್ನೊಂದು ಸಲ ನುಗ್ಗಿ ಕೈ ಎತ್ತಿದ, ಚೆಂಡು ಹಿಂದಕ್ಕೆ ಹೋಯಿತು. ಹುಡುಗ ಗೊಣಗದೆ ನಡೆದುಕೊಂಡು ಬಂದು ಅದೇ ಜಾಗದಲ್ಲಿ ನಿಂತ. ದೇಶದ ತಂಡದಲ್ಲೂ ಇದೇ ಕಥೆಯಾಗುತ್ತದೆ ಎಂದು ಸೀನನಿಗೆ ಕಂಡಿತು. ವಾರದಿಂದ ಹೋಟೆಲಿನಲ್ಲಿ ಹೇಳಿದ ಮಾತು ಸುಳ್ಳಾಗಿರಲಿಲ್ಲ, ಇವನೊಬ್ಬನಿಂದ ತಂಡ ಉದ್ಧಾರವಾಗುವುದಿಲ್ಲ. ಆದರೂ ಇವನು ಬೇಕು. ಇವನಷ್ಟು ಸಲ ಸುಮ್ಮಸುಮ್ಮನೆ ಓಡುವವನು ಇಲ್ಲಿ ಇನ್ನೊಬ್ಬನಿರಲಿಲ್ಲ. ಏಳನೆಯ ಸಲವೋ ಎಂಟನೆಯ ಸಲವೋ ಚೆಂಡು ಬಂತು. ಗೋಲ್‌ಕೀಪರ್ ಮುಂದೆ ಬಂದುಬಿಟ್ಟಿದ್ದ, ಗೋಲು ಖಾಲಿ. ಧನರಾಜ್ ಹೊಡೆದದ್ದು ಕಂಬದ ಹೊರಗೆ ಹೋಯಿತು. ಗೋಡೆಯ ಮೇಲೆ ಕೂತಿದ್ದ ನಾಲ್ಕು ಮಂದಿ ಪಡ್ಡೆಗಳು ನಕ್ಕರು. ಅವರಲ್ಲೊಬ್ಬ ಹಿಂದಿಯಲ್ಲಿ ಆ ಮಾತು ಕೂಗಿದ. ಸೀನ ಫೋನಿನಲ್ಲಿ ಆಡಿದ್ದ ಮಾತೇ ಅದು, ಭಾಷೆ ಮಾತ್ರ ಬೇರೆ. ಸೀನನಿಗೆ ಎದ್ದು ಹೋಗಿ ಆ ಪಡ್ಡೆಯ ಕಪಾಳಕ್ಕೆ ಬಿಗಿಯಬೇಕು ಎನ್ನಿಸಿತು, ಆದರೆ ಯಾವ ಮುಖ ಹೊತ್ತುಕೊಂಡು ಹೋಗುವುದು? ಕೂತೇ ಇದ್ದ.

ಆಟ ಮುಗಿದ ಮೇಲೆ ಹುಡುಗ ನೀರಿನ ಬಾಟಲಿಗೆಂದು ಮೆಟ್ಟಿಲಿನ ಕಡೆಗೆ ಬಂದ. ಕುಡಿಯುತ್ತಾ ಸೀನನನ್ನು ನೋಡಿದ, ಬಾಟಲಿ ಇಳಿಸಿ ಮತ್ತೆ ನೋಡಿದ.

"ತಮ್ಮಲೆ?"

"ಹೇಗೆ ಗೊತ್ತಾಯ್ತು?"

"ಫೋಟೋ. ಮನೆಯಲ್ಲಿ ಉಂಟು. ಬ್ಲೂ ಜರ್ಸಿ." ಅವನು ಕನ್ನಡವನ್ನು ಒಂದೊಂದೇ ಮಾತು ಹುಡುಕಿ ಆಡುತ್ತಿದ್ದ. ಬೆವರು ಒರೆಸಿಕೊಂಡು ಎರಡು ಮೆಟ್ಟಿಲು ಕೆಳಗೆ ಕೂತ.

ಆ ಫೋಟೋ ಇಲ್ಲಿಗೂ ಬಂತಲ್ಲ ಎಂದು ಸೀನನಿಗೆ ಮೈ ಹಿಡಿಯಾಯಿತು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ತಿಳಿದು, "ಅದು ಕ್ಯಾಂಪಿನ ಜರ್ಸಿ. ನಾನು ಇಂಡಿಯಾಕ್ಕೆ ಆಡಿದವನಲ್ಲ," ಎಂದ. ನಲವತ್ತು ವರ್ಷದಲ್ಲಿ ಮೊದಲ ಸಲ ಆಡಿದ ಮಾತು, ಎಷ್ಟು ಚಿಕ್ಕದಿತ್ತು.

"ಗೊತ್ತುಂಟು," ಎಂದ ಹುಡುಗ.

"ಗೊತ್ತುಂಟಾ?"

"ಅಮ್ಮ ಹೇಳಿದ್ರು. ಚಿಕ್ಕವ ಇರುವಾಗ ನಾನು ಗೋಲ್ ಮಿಸ್ ಮಾಡಿದ್ರೆ ಅಳ್ತಿದ್ದೆ. ಊಟ ಬೇಡ ಅಂತಿದ್ದೆ. ಆಗ ಅಮ್ಮ ಹೇಳುವುದು, ನಿನ್ನ ತಮ್ಮಲೆ ಕ್ಯಾಂಪ್‌ನಲ್ಲಿ ಎಮ್ಟಿ ಗೋಲ್ ಮಿಸ್ ಮಾಡಿದ್ದು, ಮನೆಗೆ ಬಂದು ಎರಡು ದಿನ ಊಟ ಮಾಡ್ಲಿಲ್ಲ, ಏನು ಸಿಕ್ಕಿತು? ನೀನು ಊಟ ಮಾಡು." ಹುಡುಗ ಸ್ವಲ್ಪ ನಕ್ಕ. "ತುಂಬ ಸಲ ಹೇಳಿದ್ದು. ಇವತ್ತೂ ಮಿಸ್ ಮಾಡಿದೆ, ನೋಡಿದ್ರಲ್ಲ."

ಸೀನ ನೆಲ ನೋಡಿದ. ಯಾರಿಗೂ ತಿಳಿಯಬಾರದೆಂದು ನಲವತ್ತು ವರ್ಷ ಬಚ್ಚಿಟ್ಟದ್ದನ್ನು ಅವಳು ಅಷ್ಟು ದೂರದ ಚಳಿಯ ಊರಿನಲ್ಲಿ ಮಗುವಿಗೆ ಅನ್ನ ತಿನ್ನಿಸಲು ಹೇಳುತ್ತಿದ್ದಳು. ಮನೆಯವಳಲ್ಲ ಎಂದವನನ್ನು ದಿನಾ ಊಟಕ್ಕೆ ಕರೆದು ಕೂರಿಸಿಕೊಂಡಿದ್ದಳು. ಅವನಿಗೆ ಅಳು ಬಂತು, ಆದರೆ ಅಳುವ ಅಧಿಕಾರ ತನಗಿದೆ ಎಂದು ಅನ್ನಿಸಲಿಲ್ಲ. ಜೇಬಿಗೆ ಕೈ ಹಾಕಿ ಕಾಗದ ತೆಗೆದು ಕೊಟ್ಟ.

"ಕಳೆದುಹೋಗಿರಲಿಲ್ಲ," ಎಂದ. "ಸುಳ್ಳು ಹೇಳಿದೆ."

ಧನರಾಜ್ ಮಡಿಕೆ ಬಿಡಿಸಿ ನೋಡಿದ. ಓದಲು ಬರದ ಅಕ್ಷರಗಳ ಮೇಲೆ ಬೆರಳು ಓಡಿಸಿದ. ಸೀನ ತೋರಿಸಿದ: ಇದು ಹೆಸರು, ಇದು ಜನ್ಮಸ್ಥಳ. ಹುಡುಗ ಉಗುರಿನಿಂದ ಗುಂಡುಸೂಜಿಯನ್ನು ಮೆಲ್ಲನೆ, ಅತ್ತಿತ್ತ ತಿರುಗಿಸಿ ತೆಗೆದ. ಹರಿಯಲಿಲ್ಲ, ತುಕ್ಕಿನ ಎರಡು ತೂತು ಮಾತ್ರ ಉಳಿದವು. ಹಿಂದಿನ ಹಾಳೆಯನ್ನು ಸೀನನಿಗೆ ವಾಪಸು ಕೊಟ್ಟ.

"ನಿನ್ನ ಅಮ್ಮನಿಗೆ ನಾನು ಫೋನಿನಲ್ಲಿ ಒಂದು ಮಾತು..." ಎಂದು ಸೀನ ಶುರು ಮಾಡಿದ.

"ಅದು ಕೂಡ ಗೊತ್ತುಂಟು." ಹುಡುಗ ಮೈದಾನದ ಕಡೆ ನೋಡುತ್ತಿದ್ದ. "ಅದು ಹೇಳುವಾಗ ಅಮ್ಮ ನಗ್ತಿರಲಿಲ್ಲ," ಎಂದ.

ಗೇಟಿನ ಹೊರಗೆ ತಂಡದ ಬಸ್ಸು ಹಾರ್ನ್ ಹೊಡೆಯಿತು. ಹುಡುಗ ಎದ್ದ, ಹೊರಡುವವನು ನಿಂತು ಕೇಳಿದ, "ಆಟ ನೋಡಿದ್ರಲ್ಲ. ಹೇಗೆ? ನಾನು ಬಂದ್ರೆ ಟೀಮಿಗೆ ಏನಾದ್ರೂ ಆಗ್ತದಾ? ಪೇಪರ್‌ನಲ್ಲಿ ಎಲ್ಲರೂ ಬರೀತಾರೆ. ನೀವು ಸ್ಟ್ರೈಕರ್."

"ನಿನ್ನ ಓಟ ಸರಿ ಉಂಟು," ಎಂದ ಸೀನ. "ಚೆಂಡು ಬರುವುದಿಲ್ಲ ನಿನಗೆ. ಅಲ್ಲಿಯೂ ಬರ್ಲಿಕ್ಕಿಲ್ಲ. ಹತ್ತು ಸಲ ಓಡಿದ್ರೆ ಒಂದು ಸಲ ಬಂದೀತು."

"ಮತ್ತೆ ಎಂತ ಮಾಡುವುದು?"

"ಹತ್ತು ಸಲವೂ ಓಡುವುದು. ಬಲಗಾಲು ಸ್ವಲ್ಪ ಒಳಗೆ ತಿರುಗಿಸು, ಖಾಲಿ ಗೋಲು ಕಂಡಾಗ. ಗಡಿಬಿಡಿಯಲ್ಲಿ ಹೊರಗೆ ತಿರುಗ್ತದೆ ಅದು."

ಹುಡುಗ ಬೂಟು ಹಾಕಿದ ಕಾಲನ್ನೇ ಒಂದು ಸಲ ಒಳಗೆ ತಿರುಗಿಸಿ ನೋಡಿದ. "ಥ್ಯಾಂಕ್ಯೂ ತಮ್ಮಲೆ," ಎಂದು ಕಾಗದವನ್ನು ಅಂಗಿಯ ಒಳಗಿಟ್ಟುಕೊಂಡು ಓಡಿದ, ಎಡಗೈ ಮೈಗೆ ಅಂಟಿಸಿಕೊಂಡು. ಬಸ್ಸು ತಿರುವು ದಾಟಿದ ಮೇಲೆ ಸೀನನಿಗೆ ನೆನಪಾಯಿತು, ಒಂದು ದಿನ ಮನೆಗೆ ಊಟಕ್ಕೆ ಬಾ ಎಂದು ಹೇಳಲೇ ಇಲ್ಲ. ಹುಡುಗನೂ, ಮತ್ತೆ ಬನ್ನಿ, ಎನ್ನಲಿಲ್ಲ. ಎನ್ನುವುದಕ್ಕೆ ಅವನಿಗೇನು ದರ್ದು?

ಸಂಜೆಯಾಗಿತ್ತು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಮನೆಗೆ ಹೋಗುವವರ ನೂಕು, ಇವನು ಹೋಗುವ ದಿಕ್ಕಿನ ಗಾಡಿಯಲ್ಲಿ ಅಷ್ಟಿರಲಿಲ್ಲ. ಅಂಧೇರಿಯಲ್ಲಿ ಇಬ್ಬರು ಹತ್ತಿ ಎದುರಿಗೆ ಕೂತರು, ಮೂವತ್ತರ ಒಳಗಿನವರು, ಬೂಟಿಗೆ ಸಿಮೆಂಟಿನ ಧೂಳು. ಮಾತಿನಿಂದ ವಿಜಯಪುರದ ಕಡೆಯವರೆಂದು ತಿಳಿಯಿತು. ಒಬ್ಬ ಇನ್ನೊಬ್ಬನನ್ನು ಗದಿಗೆಪ್ಪ ಎಂದು ಕರೆಯುತ್ತಿದ್ದ, ಅವನು ಇವನಿಗೆ ಶರಣು ಎನ್ನುತ್ತಿದ್ದ. ಒಂದೇ ಫೋನನ್ನು ಇಬ್ಬರೂ ಬಗ್ಗಿ ನೋಡುತ್ತಿದ್ದರು. ಪರದೆಯ ಮೇಲೆ ಧನರಾಜ್ ಯಾವುದೋ ಹಳೆಯ ಪಂದ್ಯದಲ್ಲಿ ಗೋಲು ಹೊಡೆಯುತ್ತಿದ್ದ.

"ಇಂವ ಇಂಡಿಯಾದಾಂವ ಅಂತ ಯಾರ್ ಅಂತಾರೋ ಶರಣು," ಎಂದ ಗದಿಗೆಪ್ಪ. "ಮಾರಿ ನೋಡು."

"ಮಾರಿ ತಗೊಂಡು ಏನ್ ಮಾಡ್ತಿ, ಗೋಲ್ ಹೊಡಿತಾನಿಲ್ಲೋ. ನಮ್ಮವ್ರು ಹೊಡೆಂಗಿಲ್ಲ, ಹೊಡಿಯಾವ ಬಂದ್ರ ನಮ್ಮವ ಅಲ್ಲ ಅಂತಾರ."

"ಅವ್ರಪ್ಪ ಯಾರೋ ಏನೋ."

ಸೀನ ಕಿಟಕಿಯ ಹೊರಗೆ ನೋಡುತ್ತಿದ್ದ. ವಿಲೆ ಪಾರ್ಲೆ ಬಂದು ಹೋಯಿತು. ಮುಖ ತಿರುಗಿಸದೆಯೇ ಹೇಳಿದ, "ಅವನ ತಾಯಿ ಪರೇಲ್‌ನವಳು. ವಿನೋದಿನಿ ಅಂತ. ನನ್ನ ತಂಗಿ."

ನನ್ನ ತಂಗಿ ಎಂಬ ಎರಡು ಮಾತು ಅವನ ಬಾಯಿಂದ ಬಂದು ಎಷ್ಟು ವರ್ಷವಾಗಿತ್ತು. ಇಬ್ಬರೂ ತಲೆ ಎತ್ತಿ ಅವನನ್ನು ನೋಡಿದರು, ಮಾಸಿದ ಅಂಗಿ, ಹೊಸ ಕ್ಷೌರ, ಹಳೆಯ ಚಪ್ಪಲಿ, ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ಹೌದೇನ್ರಿ ಕಾಕಾ," ಎಂದ ಗದಿಗೆಪ್ಪ. "ನಮ್ಮ ಮಾವನೂ ಅಮೆರಿಕಾದ ಪ್ರೆಸಿಡೆಂಟ್ ಅದಾನ್ರಿ. ಹೇಳ್ಕೊಳ್ಳಂಗಿಲ್ಲ ನಾವು."

ಇಬ್ಬರೂ ನಕ್ಕರು, ಪಕ್ಕದಲ್ಲಿ ನಿಂತಿದ್ದ ಒಬ್ಬನೂ ನಕ್ಕ. ಕೆಟ್ಟ ನಗುವೇನಲ್ಲ. ಸೀನ ಜೇಬು ಮುಟ್ಟಿಕೊಂಡ, ತೋರಿಸಲು ಏನಾದರೂ ಇದೆಯೋ ಎಂದು. ಅವನದೇ ಹಾಳೆ ಇತ್ತು, ಕಾಪು ಹತ್ತಿರದ ಹಳ್ಳಿ, ತುಕ್ಕಿನ ಎರಡು ತೂತು. ತಂಗಿಯ ಹೆಸರಿದ್ದ ಕಾಗದ ಹೋಗಿತ್ತು. ನಲವತ್ತು ವರ್ಷ ಗೋಡೆಯ ಒಂದು ಸುಳ್ಳನ್ನು ಕೇಳದೆಯೇ ನಂಬಿದ ಜನರ ನಡುವೆ ಇದ್ದವನು, ಬಾಯಿ ಬಿಟ್ಟು ನಿಜ ಹೇಳಿದ ದಿನ ಹೀಗಾಯಿತು.

ಮಾಹಿಮ್ ದಾಟಿದ ಮೇಲೆ ಶರಣುವಿಗೆ ಪಾಪ ಎನಿಸಿರಬೇಕು. ಮುಂದಕ್ಕೆ ಬಾಗಿ, ಸಮಾಧಾನದ ದನಿಯಲ್ಲಿ ಕೇಳಿದ, "ತಪ್ಪು ತಿಳ್ಕೋಬ್ಯಾಡ್ರಿ ಕಾಕಾ. ನೀವೂ ಫುಟ್ಬಾಲ್ ಆಡ್ತಿದ್ರೇನ್ರಿ?"

ಸೀನ ಎದ್ದು ನಿಂತ. ದಾದರ್ ಆದ ಮೇಲೆ ಇಳಿಯಬೇಕು, ಈಗಲೇ ಬಾಗಿಲಿಗೆ ಹೋಗದಿದ್ದರೆ ಕಷ್ಟ.

"ಒಂದು ಸಲ ಕ್ಯಾಂಪಿಗೆ ಕರೆದಿದ್ರು," ಎಂದ. "ತಗೊಳ್ಳಲಿಲ್ಲ."

ಇದನ್ನು ಅವರಿಬ್ಬರೂ ತಕ್ಷಣ ನಂಬಿದರು. ಹೌದ್ರಿ ಎಂದು ತಲೆಯಾಡಿಸಿ, ಅವನಿಗೆ ಹೋಗಲು ಕಾಲು ಮಡಚಿ ಜಾಗ ಬಿಟ್ಟರು.